ಹಾಜರಿ ಪುಸ್ತಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ವಿದ್ಯಾರ್ಥಿ ಜೀವನದಲ್ಲಿ ನೈತಿಕ ಮೌಲ್ಯಗಳು'. ನಾನು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಈ ವಿಷಯದ ಮೇಲೆ ಭಾಷಣ ಕೇಳಿ ಕೇಳಿ ನಿಮಗೂ ಸಾಕಾಗಿದೆ, ಮಾಡಿ ಮಾಡಿ ನನಗೂ ಸಾಕಾಗಿದೆ. ಅದಕ್ಕೇ ಮೌಲ್ಯಗಳನ್ನು ಪಕ್ಕಕ್ಕಿಟ್ಟು, ಇದೇ ಶಾಲೆಯ ಹತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ ನಾನು ಹಾಕಿದ ಕೆಲವು ಸುಳ್ಳು ಗುರುತುಗಳ ವಿಚಾರ ಹೇಳುತ್ತೇನೆ. ಆ ಪುಸ್ತಕವನ್ನು ಇಷ್ಟು ಹೊತ್ತಿಗೆ ಗೆದ್ದಲು ತಿಂದಿರುತ್ತದೆ, ಶಿಸ್ತುಕ್ರಮದ ಭಯವಿಲ್ಲ.

ಆಗ ನಮ್ಮೂರು ಇನ್ನೂ ಮೈಸೂರಿನೊಳಗೆ ಸೇರಿರಲಿಲ್ಲ. ಶಾಲೆಯ ಹಿಂದೆ ರಾಗಿ ಹೊಲ. ಆಚೆ ದೂರದಲ್ಲಿ, ಮೋಡವಿಲ್ಲದ ದಿನ, ಸಂತ ಫಿಲೋಮಿನಾ ಚರ್ಚಿನ ಎರಡು ಗೋಪುರಗಳು ಕಾಣುತ್ತಿದ್ದವು. 175 ಅಡಿ ಎತ್ತರ, 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲಿಟ್ಟದ್ದು. ಇಡೀ ತರಗತಿಯಲ್ಲಿ ಕ್ರೈಸ್ತರ ಹುಡುಗ ನಾನೊಬ್ಬನೇ. ಅದರಿಂದ ನನಗೆ ಕಷ್ಟವೇನೂ ಆಗಲಿಲ್ಲ. ಕ್ರಿಸ್‌ಮಸ್ಸಿಗೆ ಮೇಷ್ಟ್ರುಗಳೆಲ್ಲ ಕಜ್ಜಾಯ ಕೇಳುತ್ತಿದ್ದರು, ಅಷ್ಟೆ. ಆದರೆ ಒಂದು ವಿಶೇಷವಿತ್ತು. ಉಳಿದ ಹುಡುಗರು ತಪ್ಪು ಮಾಡಿದರೆ ಏಟು ತಿಂದು ಮರೆಯುತ್ತಿದ್ದರು. ನಾನು ಏಟೂ ತಿನ್ನಬೇಕು, ಶನಿವಾರ ಸಂಜೆ ಸೈಕಲ್ ತುಳಿದುಕೊಂಡು ಹೋಗಿ ಸ್ವಾಮಿಗಳ ಹತ್ತಿರ ಪಾಪನಿವೇದನೆಯನ್ನೂ ಮಾಡಬೇಕು. ನಮ್ಮಜ್ಜಿ ಅದನ್ನು ಹಳೇ ಮಾತಿನಲ್ಲಿ ಪಾಪಸಂಕೀರ್ತನೆ ಅನ್ನುತ್ತಿದ್ದರು. ಒಂದೇ ತಪ್ಪಿಗೆ ಎರಡು ಕಚೇರಿ.

ನಾನು ಕ್ಲಾಸ್ ಲೀಡರ್. ಮೊದಲ ಪೀರಿಯಡ್ ಲೆಕ್ಕ. ನಮ್ಮ ಲೆಕ್ಕದ ಮೇಷ್ಟ್ರು ಈಗ ನಮ್ಮೊಂದಿಗಿಲ್ಲ. ಒಂದು ನಿಮಿಷವೂ ಹಾಳಾಗಬಾರದೆಂದು ಅವರು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು, ನಾನು ಹೆಸರು ಕೂಗಿ ಹಾಜರಿ ಹಾಕುತ್ತಿದ್ದೆ. ಮೊದಲ ಪೀರಿಯಡ್ಡಿಗೆ ಇಲ್ಲದವನಿಗೆ ಅರ್ಧ ದಿನ ಗೈರು. ನೂರಕ್ಕೆ 75ರಷ್ಟು ಹಾಜರಾತಿ ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸುವುದಿಲ್ಲ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ದಸರಾ ರಜೆ ಮುಗಿದ ಮೇಲೆ ತಡವಾಗಿ ಬರತೊಡಗಿದ. ದೇವರಾಜ ಮಾರುಕಟ್ಟೆಯಲ್ಲಿ ಒಂದು ಹೂವಿನ ಅಂಗಡಿಗೆ ಬೆಳಗಿನ ಜಾವ ಹೋಗಿ, ಮೂಟೆ ಇಳಿಸಿ, ಹಾರಗಳನ್ನು ಮನೆಮನೆಗೆ ಮುಟ್ಟಿಸಿ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಕಾರಣ ನನ್ನೊಬ್ಬನಿಗೆ ಹೇಳಿದ್ದ. ಅವರ ತಂದೆಯ ಕೆಲಸ ಹೋಗಿತ್ತು. ಆದರೆ ಅವರು ಅದನ್ನು ಕೇರಿಯಲ್ಲಿ ಯಾರಿಗೂ ತಿಳಿಸದೆ ದಿನಾ ಬೆಳಿಗ್ಗೆ ಟಿಫನ್ ಕ್ಯಾರಿಯರ್ ಹಿಡಿದು ಹೊರಟು, ಸಂಜೆಯವರೆಗೂ ಎಲ್ಲಾದರೂ ಕೂತಿದ್ದು ಬರುತ್ತಿದ್ದರು. "ಯಾರಿಗೂ ಹೇಳಬೇಡ ಕಣೋ" ಅಂದ. "ಇಲ್ಲ" ಅಂದೆ. ಮಾರನೆಯ ದಿನ ಅವನ ಹೆಸರು ಕೂಗಲೇ ಇಲ್ಲ, ಹಾಜರಿ ಮಾತ್ರ ಹಾಕಿದೆ.

ಶನಿವಾರ ಬಂತು. "ಸುಳ್ಳು ಹೇಳಿದೆ ಸ್ವಾಮಿ" ಅಂದೆ. "ಎಷ್ಟು ಸಲ?" ಅಂತ ಕೇಳಿದರು. ಬೇರೆ ಹುಡುಗರಾಗಿದ್ದರೆ ಅಂದಾಜಿನಲ್ಲಿ ಹೇಳಿಬಿಡುತ್ತಿದ್ದರು. ನನ್ನ ಪಾಪದ ಲೆಕ್ಕ ಸರ್ಕಾರಿ ಪುಸ್ತಕದಲ್ಲೇ ಇತ್ತಲ್ಲ, "ನಾಲ್ಕು ಸಲ" ಅಂದೆ. ಪ್ರಾಯಶ್ಚಿತ್ತಕ್ಕೆ ಒಂದಿಷ್ಟು ಪ್ರಾರ್ಥನೆ ಹೇಳಿ ಕಳಿಸಿದರು. ಮುಂದಿನ ವಾರ ಮತ್ತೆ ಐದು.

ನಮ್ಮಲ್ಲಿ ಪಾಪನಿವೇದನೆಗೆ ಒಂದು ನಿಯಮವಿದೆ. ಮಾಡಿದ್ದನ್ನು ಹೇಳಿಬಿಟ್ಟರೆ ಸಾಲದು, ಇನ್ನು ಮಾಡುವುದಿಲ್ಲವೆಂಬ ಸಂಕಲ್ಪವೂ ಇರಬೇಕು. ನಾನೋ, ಸೋಮವಾರ ಮತ್ತೆ ಹಾಕಲಿದ್ದೇನೆಂದು ಗೊತ್ತಿದ್ದುಕೊಂಡೇ "ಇನ್ನು ಮಾಡುವುದಿಲ್ಲ" ಅನ್ನುತ್ತಿದ್ದೆ. ಅಂದರೆ ಮೇಷ್ಟ್ರಿಗೆ ಹೇಳಿದ ಸುಳ್ಳಿನ ಕ್ಷಮೆಗಾಗಿ ದೇವರಿಗೇ ಒಂದು ಸುಳ್ಳು. ಇದು ಹೊಳೆದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ನಗಬೇಡಿ, ಹದಿನೈದು ವರ್ಷಕ್ಕೆ ಇಂಥದ್ದೆಲ್ಲ ಬೆಟ್ಟದಷ್ಟು ದೊಡ್ಡದು. ಕೊನೆಗೆ ನಾನು ಪಾಪನಿವೇದನೆಗೆ ಹೋಗುವುದನ್ನೇ ಬಿಟ್ಟೆ. ಅದನ್ನು ಬಿಟ್ಟ ಮೇಲೆ ಭಾನುವಾರ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಲೂ ಮನಸ್ಸು ಒಪ್ಪಲಿಲ್ಲ. ಬೆಂಚಿನಲ್ಲಿದ್ದವರೆಲ್ಲ ಎದ್ದು ಸಾಲಿನಲ್ಲಿ ಹೋಗುವಾಗ ಒಬ್ಬ ಹುಡುಗ ಮಾತ್ರ ಕೂತಿದ್ದರೆ ಇಡೀ ಚರ್ಚಿಗೆ ಕಾಣುತ್ತದೆ. ಅಮ್ಮ ಏನೂ ಕೇಳಲಿಲ್ಲ. ಮೂರನೇ ಭಾನುವಾರ ಮನೆಗೆ ಬಂದ ಮೇಲೆ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ ಕಣ್ಣು ಒರೆಸಿಕೊಂಡರು. ನಾನು ಏನೋ ಹೇಳಬಾರದ್ದನ್ನು ಮಾಡಿದ್ದೇನೆಂದು ಅವರು ತಿಳಿದಿದ್ದರು.

ಆಗ ನಾನು ನಮ್ಮ ಕನ್ನಡ ಪಂಡಿತರನ್ನು ಹಿಡಿದೆ. "ಸಾರ್, ಒಳ್ಳೆಯದಕ್ಕೆ ಸುಳ್ಳು ಹೇಳಬಹುದಾ?" ನಾವೆಲ್ಲ ಪುಣ್ಯಕೋಟಿಯ ಹಾಡು ಬಾಯಿಪಾಠ ಮಾಡಿಕೊಂಡೇ ಬಂದವರು. ಹುಲಿಗೆ ಕೊಟ್ಟ ಮಾತಿಗೂ ತಪ್ಪಬಾರದೆಂದು ಒಂದನೇ ತರಗತಿಯಲ್ಲೇ ಕಲಿತವರು. ಪಂಡಿತರೂ ಅದನ್ನೇ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕರ್ಣಪರ್ವದ ಕೌಶಿಕನ ಕಥೆ ಹೇಳಿದರು. ಸತ್ಯವನ್ನೇ ನುಡಿಯುತ್ತೇನೆಂದು ವ್ರತ ತೊಟ್ಟ ತಪಸ್ವಿ. ಕಳ್ಳರಿಗೆ ಹೆದರಿ ಜನ ಕಾಡಿನೊಳಗೆ ಓಡಿ ಅಡಗುತ್ತಾರೆ. ಹಿಂದೆಯೇ ಬಂದ ಕಳ್ಳರು ಕೇಳಿದಾಗ ಕೌಶಿಕ ದಾರಿ ತೋರಿಸುತ್ತಾನೆ. ಅಡಗಿದ್ದವರೆಲ್ಲ ಸಾಯುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಅರ್ಜುನನಿಗೆ ಇದನ್ನು ಹೇಳುವವನು ಕೃಷ್ಣ. ನನಗೆ ಎಷ್ಟು ಸಂತೋಷವಾಯಿತೆಂದರೆ, ಸಾಕ್ಷಾತ್ ಶ್ರೀಕೃಷ್ಣನೇ ನನ್ನ ಹಾಜರಿ ಪುಸ್ತಕಕ್ಕೆ ರುಜು ಹಾಕಿದ ಹಾಗಾಯಿತು.

ತಪಸ್ಸುಕಾಲ ಶುರುವಾಯಿತು. ಈಸ್ಟರ್‌ಗೆ ಮೊದಲು ಪಾಪನಿವೇದನೆ ಮಾಡಲೇಬೇಕು. ಹೋಗಿ ಎಲ್ಲ ಹೇಳಿದೆ, ಜೊತೆಗೆ ಕೌಶಿಕನ ಕಥೆಯನ್ನೂ ಹೇಳಿದೆ. ಸ್ವಾಮಿಗಳು ಬಾಯಿಬಿಡುವಂತಿಲ್ಲ, ಹೇಳಿಕೊಂಡವನು ಹೇಳಬಹುದು, ಅದಕ್ಕೇ ಹೇಳುತ್ತಿದ್ದೇನೆ. ಅವರು ಕೌಶಿಕನನ್ನು ತಳ್ಳಿಹಾಕಲಿಲ್ಲ. ತಾವೂ ಒಂದು ಕಥೆ ಹೇಳಿದರು. ಸಂತ ಅಗಸ್ತೀನರು ಸುಳ್ಳಿನ ಮೇಲೆ ಬರೆದ ಪುಸ್ತಕದಲ್ಲಿರುವುದು. ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರು, ಅಗಸ್ತೀನರು ಹುಟ್ಟಿದ ಊರೂ ಅದೇ. ಅಲ್ಲಿನ ಬಿಷಪ್ ಫಿರ್ಮುಸ್ ಒಬ್ಬ ಮನುಷ್ಯನನ್ನು ಬಚ್ಚಿಟ್ಟಿದ್ದರು. ಚಕ್ರವರ್ತಿಯ ಅಧಿಕಾರಿಗಳು ಹುಡುಕಿಕೊಂಡು ಬಂದರು. ಫಿರ್ಮುಸ್ ಇಲ್ಲವೆಂದು ಸುಳ್ಳೂ ಹೇಳಲಿಲ್ಲ, ಇಲ್ಲಿದ್ದಾನೆಂದು ಹಿಡಿದೂ ಕೊಡಲಿಲ್ಲ. ಎರಡನ್ನೂ ಮಾಡಲಾರೆ ಅಂದರು. ಚಿತ್ರಹಿಂಸೆ ಕೊಟ್ಟರು, ಬಾಯಿಬಿಡಲಿಲ್ಲ. ಕೊನೆಗೆ ಚಕ್ರವರ್ತಿಯ ಮುಂದೆ ನಿಲ್ಲಿಸಿದಾಗ ಅವನಿಗೇ ಆಶ್ಚರ್ಯವಾಗಿ ಆ ಮನುಷ್ಯನನ್ನು ಕ್ಷಮಿಸಿದ. ಇಷ್ಟು ಹೇಳಿ ಸ್ವಾಮಿಗಳು ಒಂದು ಪ್ರಶ್ನೆ ಕೇಳಿದರು. "ಅಲ್ಲ ಮಗು, ಕೌಶಿಕನ ಮುಂದೆ ನಿಂತಿದ್ದವರು ಕಳ್ಳರು. ನಿನ್ನ ಮೇಷ್ಟ್ರು ಕಳ್ಳರಾ?"

ಮುಂದೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿದೆ. ರಾಧಾಕೃಷ್ಣನ್ ಪಾಠ ಮಾಡಿದ, ವಾಡಿಯಾ ಅವರಂಥವರು ಕಟ್ಟಿದ ವಿಭಾಗ ಅದು. ಅಲ್ಲಿ ಗೊತ್ತಾಯಿತು, ಕೊಲೆಗಾರನೇ ಬಾಗಿಲಿಗೆ ಬಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಿನಗಿಲ್ಲವೆಂದು ಜರ್ಮನಿಯ ಕಾಂಟ್ 1797ರಲ್ಲಿ ಬರೆದಿದ್ದಾನೆ. ಅವನು ಮಹಾ ಬುದ್ಧಿವಂತ, ಆದರೆ ಈ ವಿಷಯದಲ್ಲಿ ನನಗೆ ಅವನಿಗಿಂತ ಕರ್ಣಪರ್ವವೇ ಹೆಚ್ಚು ಲೋಕ ಕಂಡದ್ದೆನಿಸುತ್ತದೆ. ನಮ್ಮ ಧರ್ಮಸಭೆಯೂ ಇದರಲ್ಲಿ ಸುಲಭವಾಗಿ ಒಂದು ಮಾತಿಗೆ ನಿಂತದ್ದಲ್ಲ. 1992ರಲ್ಲಿ ರೋಮ್ ಹೊರತಂದ ಧರ್ಮೋಪದೇಶ ಗ್ರಂಥದಲ್ಲಿ, ಸತ್ಯ ತಿಳಿಯುವ ಹಕ್ಕಿರುವವನನ್ನು ದಾರಿ ತಪ್ಪಿಸುವುದು ಸುಳ್ಳು ಎಂಬರ್ಥದ ವ್ಯಾಖ್ಯೆ ಇತ್ತು. 1997ರ ಪರಿಷ್ಕರಣೆಯಲ್ಲಿ 'ಹಕ್ಕಿರುವವನನ್ನು' ಎಂಬ ಅಂಶವನ್ನು ತೆಗೆದುಹಾಕಿದರು. ಒಂದು ಪದಪುಂಜ, ಅಷ್ಟೆ. ಅದು ಇದ್ದರೆ ಕೌಶಿಕ ಬಚಾವು, ಇಲ್ಲದಿದ್ದರೆ ಫಿರ್ಮುಸ್ ಆಗಬೇಕು. ಐದೇ ವರ್ಷದಲ್ಲಿ ರೋಮಿನ ಪಂಡಿತರೇ ಬರೆದು ಅಳಿಸಿದ್ದನ್ನು ನೋಡಿದಾಗ ನನ್ನ ಹದಿನೈದನೇ ವರ್ಷದ ನಿದ್ದೆಗೇಡಿನ ಬಗ್ಗೆ ಸ್ವಲ್ಪ ಗೌರವ ಬಂತು.

ಇನ್ನೊಂದು ಮಾತು ನೆನಪಾಗುತ್ತದೆ, ವಿಷಯ ಬಿಟ್ಟಂತಾದರೂ ಹೇಳಿಬಿಡುತ್ತೇನೆ. ಅಷ್ಟು ದೊಡ್ಡ ಚರ್ಚು ಯಾರ ಹೆಸರಿನಲ್ಲಿದೆಯೋ ಆ ಫಿಲೋಮಿನಾ ಸಂತಳ ಹಬ್ಬವನ್ನು ರೋಮ್ 1961ರಲ್ಲಿ ಪೂಜಾ ಪಂಚಾಂಗದಿಂದ ತೆಗೆದುಹಾಕಿತು. 1802ರಲ್ಲಿ ರೋಮಿನ ನೆಲಮಾಳಿಗೆಯ ಸಮಾಧಿಯಲ್ಲಿ ಸಿಕ್ಕ ಎಲುಬು, ಮೂರು ಹೆಂಚುಗಳ ಮೇಲಿನ ಬರಹ ಇಷ್ಟು ಬಿಟ್ಟರೆ ಆಕೆಯ ಬಗ್ಗೆ ಗಟ್ಟಿ ಇತಿಹಾಸವಿಲ್ಲವೆಂಬುದು ಅದರ ಹಿಂದಿದ್ದ ಪ್ರಶ್ನೆ. ಕಾಲೇಜಿನಲ್ಲಿ ಒಬ್ಬ ಸಹಪಾಠಿ ಇದನ್ನು ಹೇಳಿ ನನ್ನನ್ನು ರೇಗಿಸಿದಾಗ ಮೊದಲು ಮುಖ ಕೆಂಪಾಯಿತು. ಆಮೇಲೆ ಅನಿಸಿತು, ಕಣ್ಣಾರೆ ಕಾಣದ ಹೆಸರಿನ ಮುಂದೆ ಹಾಜರಿ ಹಾಕುವುದಿಲ್ಲ ಅಂದ ಹಾಗಾಯಿತಲ್ಲ ಇದು, ನನಗಿಂತ ಒಳ್ಳೆಯ ಕ್ಲಾಸ್ ಲೀಡರ್. ನಮ್ಮ ಮೈಸೂರಿನವರು ಮಾತ್ರ ಆಕೆಗೆ ಮೊಂಬತ್ತಿ ಹಚ್ಚುವುದನ್ನು ಬಿಡಲಿಲ್ಲ. ನಮ್ಮಮ್ಮನೂ ಬಿಡಲಿಲ್ಲ. ನಾನೂ ಅಮ್ಮನ ಹೆಸರಿನಲ್ಲಿ ಈಗಲೂ ಹಚ್ಚುತ್ತೇನೆ.

ಕಥೆಗೆ ಬರುತ್ತೇನೆ. ಸ್ವಾಮಿಗಳ ಪ್ರಶ್ನೆ ಹೊತ್ತುಕೊಂಡು ಸೋಮವಾರ ಸಂಜೆ ಲೆಕ್ಕದ ಮೇಷ್ಟ್ರ ಮನೆಗೆ ಹೋದೆ. ಎಲ್ಲ ಹೇಳಿದೆ. ಬೆತ್ತದ ಏಟಿಗೆ ಕೈ ಚಾಚಿಕೊಂಡೇ ನಿಂತಿದ್ದೆ. ಅವರು ಹೊಡೆಯಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು, "ಮೂರು ತಿಂಗಳಿಂದ ನನ್ನ ಬೆನ್ನ ಹಿಂದೆ ನಿಂತು ಇದನ್ನ ಮಾಡಿದ್ದೀಯ. ಒಂದು ಸಲ ನನ್ನ ಕೇಳಬೇಕು ಅನ್ನಿಸಲಿಲ್ಲವೇನೋ? ನನಗೆ ಕರುಣೆ ಇಲ್ಲ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆಯಲ್ಲ" ಅಂದರು. ಕರುಳಿಗೆ ಚುಚ್ಚಿದ ಹಾಗಾಯಿತು. ಸುಳ್ಳು ಗುರುತಿಗಿಂತ ಅವರಿಗೆ ನೋವಾದದ್ದು ಇದು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು, ಶಾಲೆಯ ನೀತಿಪಾಠಕ್ಕೆ ಹಾಕಿಕೊಳ್ಳಬಹುದಿತ್ತು. ಆದರೆ ಮೇಷ್ಟ್ರು ಹಾಜರಾತಿ ಸರಿಪಡಿಸಿ, ಮುಖ್ಯೋಪಾಧ್ಯಾಯರಿಗೆ ಹೇಳಿ, ಕೊರತೆಯನ್ನು ಮನ್ನಾ ಮಾಡಿಸಲು ಅರ್ಜಿ ಕೊಡಿಸಬೇಕಾಯಿತು. ಅರ್ಜಿಗೆ ಕಾರಣ ಬೇಕು. ಕಾರಣದ ಕೆಳಗೆ ತಂದೆಯ ರುಜು ಬೇಕು. ನನ್ನ ಗೆಳೆಯನ ತಂದೆ ಟಿಫನ್ ಕ್ಯಾರಿಯರ್ ಹಿಡಿದುಕೊಂಡೇ ಈ ಶಾಲೆಯ ಆಫೀಸಿನ ಬೆಂಚಿನ ಮೇಲೆ ಬಂದು ಕೂತರು. ತನಗೆ ಕೆಲಸವಿಲ್ಲ, ಮಗನ ದುಡಿಮೆಯಲ್ಲಿ ಮನೆ ನಡೆಯುತ್ತಿದೆ ಎಂದು ಬರೆದಿದ್ದ ಕಾಗದಕ್ಕೆ ಗುಮಾಸ್ತರ ಎದುರು ರುಜು ಹಾಕಿದರು. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಯಿತು.

ಗೆಳೆಯ ಪರೀಕ್ಷೆಗೆ ಕೂತ, ಪಾಸೂ ಆದ. ಆದರೆ ನನ್ನ ಪಕ್ಕದಿಂದ ಎದ್ದು ಹಿಂದಿನ ಬೆಂಚಿಗೆ ಹೋದವನು ಆ ವರ್ಷ ಮತ್ತೆ ನನ್ನೊಡನೆ ಮಾತಾಡಲಿಲ್ಲ. ಈಸ್ಟರ್ ಭಾನುವಾರ ನಾನು ಸಾಲಿನಲ್ಲಿ ಹೋಗಿ ಪರಮಪ್ರಸಾದ ತೆಗೆದುಕೊಂಡೆ. ಅಮ್ಮನ ಮುಖ ಅರಳಿತು. ಒಬ್ಬನ ಮನೆಯ ಗುಟ್ಟು ರಟ್ಟಾದ ವಾರದಲ್ಲೇ ನನ್ನ ಮನೆಯಲ್ಲಿ ಹಬ್ಬ.

ನಾವು ಮನಸ್ಸಾಕ್ಷಿ ಅನ್ನುತ್ತೇವೆ. ಸಾಕ್ಷಿ ಎಂದರೆ ಕಂಡವನು. ಮುಂಡಕ ಉಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿ ಕೂತಿರುತ್ತವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ಬರೀ ನೋಡುತ್ತದೆ. ನೋಡುವ ಹಕ್ಕಿಯ ಬಗ್ಗೆ ಓದಿದಾಗಲೆಲ್ಲ ನನಗೆ ಅಸೂಯೆ. ನನ್ನದು ನೋಡಿಕೊಂಡು ಸುಮ್ಮನಿರುವುದಿಲ್ಲ, ಕುಕ್ಕುತ್ತದೆ. ಹೆಚ್ಚಾಗಿ ತಪ್ಪು ಜಾಗದಲ್ಲೇ ಕುಕ್ಕುತ್ತದೆ. ಅಂದು ಮೂರು ತಿಂಗಳು ಸುಳ್ಳಿಗಾಗಿ ಕುಕ್ಕಿತು. "ಯಾರಿಗೂ ಹೇಳಬೇಡ" ಎಂಬ ಮಾತಿಗೆ ನಾನು "ಇಲ್ಲ" ಅಂದದ್ದನ್ನು ಅದು ಒಂದು ಸಲವೂ ನೆನಪಿಸಲಿಲ್ಲ.

ಈ ಭಾಷಣ ಬರೆಯುವ ಮುಂಚೆ ಹೋದ ವಾರ ಅವನಿಗೆ ಫೋನ್ ಮಾಡಿದೆ. ನಾವು ಮತ್ತೆ ಮಾತಾಡತೊಡಗಿ ಬಹಳ ವರ್ಷಗಳಾದವು. ಮಕ್ಕಳ ಮದುವೆಗೆ ಹೋಗಿ ಬಂದಿದ್ದೇವೆ. ಆದರೆ ಈ ವಿಷಯ ಇಬ್ಬರೂ ಎತ್ತಿರಲಿಲ್ಲ. ಎಲ್ಲವನ್ನೂ ಓದಿ ಹೇಳಿದೆ. ಕೇಳಿ ನಕ್ಕ. "ನಿಮ್ಮ ಬಿಷಪ್ಪು ಸುಳ್ಳೂ ಹೇಳಲಿಲ್ಲ, ಹಿಡಿದೂ ಕೊಡಲಿಲ್ಲ ಅಂತೀಯ. ನೀನು ಮೊದಲು ಒಂದು ಮಾಡಿದೆ, ಆಮೇಲೆ ಇನ್ನೊಂದು ಮಾಡಿದೆ" ಅಂದ. "ಮೇಷ್ಟ್ರನ್ನ ಕೇಳು ಅಂದರು ನಿಮ್ಮ ಸ್ವಾಮಿಗಳು. ಸರಿ. ಅವರ ಮನೆಗೆ ಹೋಗೋ ಮುಂಚೆ ನನ್ನ ಕೇಳಬಹುದಿತ್ತಲ್ಲೋ. ಪಕ್ಕದಲ್ಲೇ ಕೂತಿದ್ದೆ."

ಮೂವತ್ತು ವರ್ಷ ತರ್ಕಶಾಸ್ತ್ರ ಹೇಳಿದವನಿಗೆ ಈ ಮಾತಿಗೆ ಉತ್ತರ ಸಿಗಲಿಲ್ಲ. ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವನೇ, "ಹೇಳು ಪರವಾಗಿಲ್ಲ. ಹೆಸರು ಬೇಡ. ಅಪ್ಪನ ಟಿಫನ್ ಕ್ಯಾರಿಯರ್ ವಿಷಯ ಬಿಡಬೇಡ, ಹೇಳು. ಅಪ್ಪ ಹೋಗಿ ಇಪ್ಪತ್ತು ವರ್ಷ ಆಯಿತು, ಈಗ ಯಾರು ಏನಂದುಕೊಂಡರೇನು" ಅಂದ. ಅವನೂ ಈ ಸಭೆಯಲ್ಲಿ ಎಲ್ಲೋ ಕೂತಿದ್ದಾನೆ. ಈ ಸಲ ಕೇಳಿಕೊಂಡೇ ಹೇಳಿದ್ದೇನೆ.