ಒಂಬತ್ತು ದಂತದ ಆನೆ



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಹೇಳಿ ಕರೆದರು. ಅದನ್ನು ಈಗಿನ ಮಕ್ಕಳೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಆನೆಯ ಬಗ್ಗೆ ಮಾತಾಡುತ್ತೇನೆ. ಗೊತ್ತು, ಸಕಲೇಶಪುರ, ಆಲೂರಿನ ಈ ಕಡೆ ಆನೆ ಎಂದರೆ ತುಳಿದ ಗದ್ದೆ, ಮುರಿದ ಕಾಫಿ ಗಿಡ, ಸಂಜೆಯಾದ ಮೇಲೆ ತೋಟದ ದಾರಿಯಲ್ಲಿ ನಡೆಯಲು ಭಯ. ಪಟಾಕಿ ಹೊಡೆದು ರಾತ್ರಿ ಕಳೆಯುವ ನಿಮ್ಮ ಮುಂದೆ ಆನೆಯನ್ನು ಹೊಗಳುವ ಧೈರ್ಯ ನನಗಿಲ್ಲ. ಕಥೆಯಲ್ಲಿ ಆನೆ ಉಳಿದು, ಕಾಡಿನಲ್ಲಿ ಹೆಚ್ಚುಕಡಿಮೆ ಮುಗಿದುಹೋದ ಒಂದು ದೇಶದಲ್ಲಿ ಕಂಡದ್ದನ್ನು ಹೇಳುತ್ತೇನೆ, ಅಷ್ಟೇ.

ಕಂಪನಿಯ ಕೆಲಸದ ಮೇಲೆ ಕೆಲವು ತಿಂಗಳು ವಿಯೆಟ್ನಾಂನಲ್ಲಿದ್ದೆ. ಅಲ್ಲಿಯ ಮಕ್ಕಳೆಲ್ಲ ಕೇಳಿ ಬೆಳೆಯುವ ಒಂದು ಕಥೆ ಇದೆ. ಹುಂಗ್ ವಂಶದ ರಾಜನ ಮಗಳನ್ನು ಬೆಟ್ಟದ ದೇವರೂ ಕೇಳಿದ, ನೀರಿನ ದೇವರೂ ಕೇಳಿದ. ರಾಜ ಹೇಳಿದನಂತೆ: ಒಂಬತ್ತು ದಂತದ ಆನೆ, ಒಂಬತ್ತು ಮುಳ್ಳುಗಾಲಿನ ಹುಂಜ, ಒಂಬತ್ತು ಕೆಂಪು ಜೂಲಿನ ಕುದುರೆ, ಇವನ್ನು ಯಾರು ಮೊದಲು ತರುತ್ತಾರೋ ಅವರಿಗೆ ಮಗಳು. ಮೂರೂ ನೆಲದ ಪ್ರಾಣಿಗಳೇ ಆದ್ದರಿಂದ ಬೆಟ್ಟದ ದೇವರು ಗೆದ್ದ. ಸೋತ ನೀರಿನ ದೇವರು ಇಂದಿಗೂ ವರ್ಷಕ್ಕೊಮ್ಮೆ ಸಿಟ್ಟಿನಿಂದ ಪ್ರವಾಹ ತರುತ್ತಾನಂತೆ. ಕನ್ಯೆಯನ್ನು ಕೇಳಲು ಬಂದವನು ಏನು ತರಬೇಕು ಎಂದು ಯೋಚಿಸಿದಾಗ ಆ ಜನಕ್ಕೆ ಮೊದಲು ಹೊಳೆದದ್ದು ದಂತ, ನೋಡಿ.

ನಮ್ಮ ಚೆನ್ನಮ್ಮನನ್ನು ನಾವು ಕುದುರೆಯ ಮೇಲೆ ಕೂರಿಸಿದ್ದೇವೆ. ಅವರು ತಮ್ಮ ವೀರ ವನಿತೆಯರನ್ನು ಆನೆಯ ಮೇಲೆ ಕೂರಿಸುತ್ತಾರೆ. ಕ್ರಿ.ಶ. 40ರಲ್ಲಿ ಚೀನಾದ ಹಾನ್ ಆಳ್ವಿಕೆಯ ವಿರುದ್ಧ ಎದ್ದ ತ್ರುಂಗ್ ಅಕ್ಕತಂಗಿಯರ ಚಿತ್ರ ಎಲ್ಲಿ ನೋಡಿದರೂ ಆನೆಯ ಮೇಲೆಯೇ. 1789ರ ಹೊಸ ವರ್ಷದ ಹಬ್ಬದಲ್ಲಿ ಕ್ವಾಂಗ್ ತ್ರುಂಗ್ ದೊರೆ ಆನೆ ಪಡೆ ನುಗ್ಗಿಸಿ ಚೀನಾದ ಸೈನ್ಯವನ್ನು ಹನೋಯ್‌ನಿಂದ ಓಡಿಸಿದ.

ಹುಯೆ ನಗರದಲ್ಲಿ ಹಳೆಯ ಇಟ್ಟಿಗೆಯ ಒಂದು ದುಂಡು ಅಖಾಡ ಇದೆ. 1830ರಲ್ಲಿ ಕಟ್ಟಿದ್ದು, ಆನೆಗೂ ಹುಲಿಗೂ ಕಾಳಗ ಮಾಡಿಸಲು. ಆನೆ ಎಂದರೆ ಅರಸ, ಹುಲಿ ಎಂದರೆ ದಂಗೆಕೋರ. ಅರಸ ಸೋಲಬಾರದಲ್ಲ? ಅದಕ್ಕೆ ಹುಲಿಯ ಉಗುರು, ಹಲ್ಲು ಮೊದಲೇ ಕಿತ್ತಿರುತ್ತಿದ್ದರು. ಕೊನೆಯ ಕಾಳಗ ನಡೆದದ್ದು 1904ರಲ್ಲಿ. ಅಲ್ಲೇ ಹತ್ತಿರದಲ್ಲಿ ಯುದ್ಧದಲ್ಲಿ ದುಡಿದ ಆನೆಗಳಿಗೆ ಒಂದು ಗುಡಿಯೂ ಇದೆ. ಗಾಯಗೊಂಡ ಆನೆಯೊಂದು ಘೀಳಿಡುತ್ತಾ ಅಲ್ಲಿಗೇ ಬಂದು ಸತ್ತಿತು ಎನ್ನುತ್ತಾರೆ. ಗುಡಿಯ ಹೆಸರೂ ಆ ಘೀಳಿನಿಂದಲೇ ಬಂದದ್ದು.

ಇಷ್ಟು ಗೌರವ ಇದ್ದ ನಾಡಿನಲ್ಲಿ ದಂತಕ್ಕೆ ಇನ್ನೂ ಹೆಚ್ಚು ಗೌರವ. ಚೀನಾಕ್ಕೆ ಕಪ್ಪವಾಗಿ ಹೋಗುತ್ತಿದ್ದ ವಸ್ತುಗಳಲ್ಲಿ ಆನೆದಂತವೂ ಇತ್ತು. ಹುಯೆ ಅರಮನೆಯ ಅಧಿಕಾರಿಗಳು ತಮ್ಮ ಪದವಿ ಕೆತ್ತಿದ ದಂತದ ಬಿಲ್ಲೆಯನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದರು. ನಾವು ಕೊರಳಿಗೆ ಐಡಿ ಕಾರ್ಡ್ ಹಾಕಿಕೊಳ್ಳುವ ಹಾಗೆ. ದಂತದ ವ್ಯಾಪಾರವನ್ನು 1992ರಲ್ಲಿ ನಿಷೇಧಿಸಿದರೂ ಆಸೆ ಹೋಗಲಿಲ್ಲ. ತಮ್ಮ ಕಾಡಿನಲ್ಲಿ ಆನೆ ಉಳಿಯದಿದ್ದರೆ ಆಫ್ರಿಕಾದ್ದು ಬರುತ್ತದೆ. 2019ರ ಮಾರ್ಚ್‌ನಲ್ಲಿ ದಾನಾಂಗ್ ಬಂದರಿನಲ್ಲಿ, ಕಾಂಗೋದಿಂದ ಬಂದ ಮರದ ದಿಮ್ಮಿಗಳ ನಡುವೆ 9 ಟನ್‌ಗೂ ಹೆಚ್ಚು ದಂತ ಸಿಕ್ಕಿತು. ಅದಕ್ಕೆ ಎಷ್ಟು ಆನೆ ಬೇಕು ಎಂದು ಲೆಕ್ಕ ಹಾಕಲು ಕುಳಿತೆ, ಅರ್ಧಕ್ಕೇ ಬಿಟ್ಟೆ.

ಒಂದು ವಾರದ ಕೊನೆಯಲ್ಲಿ ಬುವೊನ್ ದೋನ್ ಎಂಬ ಊರಿಗೆ ಹೋದೆ. ಬೆಟ್ಟದ ಸೀಮೆ, ದಾರಿಯುದ್ದಕ್ಕೂ ಕಾಫಿ. ಒಂದು ಕ್ಷಣ ಮನೆಗೆ ಬಂದ ಹಾಗಾಯಿತು. ಅದು ಮ್ನೋಂಗ್ ಮುಂತಾದ ಬುಡಕಟ್ಟಿನವರು ಆನೆ ಹಿಡಿಯುತ್ತಿದ್ದ ಊರು. ನಮ್ಮ ಕಾಕನಕೋಟೆಯ ಖೆಡ್ಡಾದಲ್ಲಿ ಹಿಂಡನ್ನೇ ಆವರಣಕ್ಕೆ ಅಟ್ಟುತ್ತಿದ್ದರು. ಇವರು ಸಾಕಾನೆಯ ಮೇಲೆ ಕುಳಿತು ಅಟ್ಟಿಸಿಕೊಂಡು ಹೋಗಿ, ಎಮ್ಮೆ ಚರ್ಮದ ಹಗ್ಗದ ಉರುಳು ಹಾಕಿ ಮರಿಯನ್ನು ಹಿಡಿಯುತ್ತಿದ್ದರು. ಅಲ್ಲಿಯ ಹಿರಿಯ ಬೇಟೆಗಾರನೊಬ್ಬ ಸಯಾಮಿನ ದೊರೆಗೆ ಬಿಳಿ ಆನೆ ಕೊಟ್ಟು ಬಿರುದು ಪಡೆದನಂತೆ. ಅವನ ಸಮಾಧಿಯನ್ನು ಈಗಲೂ ತೋರಿಸುತ್ತಾರೆ. ಹಿಡಿದ ಆನೆ ಮನೆಯವರಲ್ಲಿ ಒಂದು. ಅದರ ಆರೋಗ್ಯಕ್ಕೂ ಪೂಜೆ ಉಂಟು. ಆದರೆ ಹಿಡಿಯುವ ಕಾಡು ಕಾಫಿಗೆ, ರಬ್ಬರಿಗೆ ಹೋಯಿತು. ಈಗ ಇಡೀ ದೇಶದ ಕಾಡಾನೆಗಳು ನೂರರ ಆಸುಪಾಸು. ಕರ್ನಾಟಕ ಒಂದರಲ್ಲೇ 2023ರ ಗಣತಿಯಂತೆ ಆರು ಸಾವಿರದ ಮೇಲಿವೆ.

ಅಲ್ಲಿಯ ಅಂಗಡಿಯಲ್ಲಿ ಆನೆ ಬಾಲದ ಕೂದಲಿನ ಉಂಗುರ ಮಾರುತ್ತಿದ್ದರು. ಅದೃಷ್ಟ ಎಂದರು. ನಮ್ಮಲ್ಲೂ ಮಕ್ಕಳಿಗೆ ಹೆದರಿಕೆ ಆಗದಿರಲೆಂದು ಹಾಕುವುದುಂಟಲ್ಲ, ಅಮ್ಮನಿಗೆ ಇರಲಿ ಎಂದು ಒಂದು ಕೊಂಡೆ. ಚೌಕಾಸಿ ಬೇರೆ ಮಾಡಿದೆ. ಮಧ್ಯಾಹ್ನ ಹೊಳೆಯ ಹತ್ತಿರ ಒಂದು ಮುದಿ ಹೆಣ್ಣಾನೆ ನಿಂತಿತ್ತು. ಅದರ ಬಾಲದ ತುದಿ ಬೋಳು. ಜೊತೆಗಿದ್ದ ಸಹೋದ್ಯೋಗಿ ಮಾವುತನನ್ನು ಕೇಳಿ ಹೇಳಿದ: ಕೂದಲಿಗಾಗಿ ಕಳ್ಳರು ಬರುತ್ತಾರೆ, ಕಿತ್ತುಕೊಳ್ಳಲು ಆಗದಿದ್ದರೆ ಬಾಲದ ತುದಿಯನ್ನೇ ಕತ್ತರಿಸಿದ್ದೂ ಉಂಟು. ನನ್ನ ಜೇಬಿನಲ್ಲಿ ಉಂಗುರ ಇತ್ತು. ಅದು ನಿಜವಾದ ಕೂದಲೋ ಪ್ಲಾಸ್ಟಿಕ್ಕೋ ಎಂದು ಕೇಳಲಿಲ್ಲ. ಪ್ಲಾಸ್ಟಿಕ್ ಆಗಿರಲಿ, ಮೋಸ ಹೋಗಿರಲಿ ಎಂದು ಮೊದಲ ಬಾರಿಗೆ ಬಯಸಿದೆ.

ಊರಿಗೆ ಬಂದು ಅಮ್ಮನಿಗೆ ಕೊಟ್ಟು, ನಡೆದದ್ದನ್ನೂ ಹೇಳಿದೆ. ಹೋದ ವರ್ಷ ನಮ್ಮ ಬಾಳೆಯನ್ನೆಲ್ಲ ಆನೆ ನೆಲಸಮ ಮಾಡಿದಾಗ ಅಮ್ಮ ಬೈದ ಬೈಗುಳ ಬೀದಿಯವರೆಲ್ಲ ಕೇಳಿದ್ದೀರಿ. ಅವತ್ತು ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿ, "ಕೂದಲಿಲ್ದೆ ಅದು ನೊಣ ಹೆಂಗೆ ಓಡಿಸ್ಕೊಳ್ತದೋ?" ಎಂದಳು. ಬೆರಳಿಗೆ ಹಾಕಿಕೊಳ್ಳಲಿಲ್ಲ. ಬಿಸಾಡಲೂ ಇಲ್ಲ. ಇವತ್ತು ಇಲ್ಲಿಗೆ ಹೊರಡುವಾಗ ನೋಡಿದೆ, ಕಾಗದದಲ್ಲಿ ಸುತ್ತಿ ದೇವರ ಗೂಡಿನ ಹಿಂದೆ ಇಟ್ಟಿದ್ದಾಳೆ.