ಉತ್ಸವವೂ ಉತ್ತರವಾದಿತ್ವವೂ



ದೀಪಾವಳಿಯ ಬಲಿಪಾಡ್ಯಮಿ ಕಳೆಯಿತೆಂದರೆ ಶಿಕಾರಿಪುರ, ಸೊರಬ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ಮೊದಲಾಗಿ, ಬೇಸಗೆಯ ಬಿಸಿಲೇರುವ ತನಕ ಒಂದಲ್ಲ ಒಂದು ಗ್ರಾಮದಲ್ಲಿ ನಡೆಯುತ್ತಲೇ ಇರುವುದು. ಅದರ ಬೆನ್ನಿಗೇ ಜಾತ್ರೆ ತೇರುಗಳ ಕಾಲ ಒದಗಿ, ಚೈತ್ರದಲ್ಲಿ ಶಿಕಾರಿಪುರದ ಹುಚ್ಚರಾಯಸ್ವಾಮಿಯ ರಥೋತ್ಸವಕ್ಕೆ ಜನ ನೆರೆಯುವುದು. ಈ ಉತ್ಸವಗಳ ಸೊಗಸನ್ನು ಬಣ್ಣಿಸುವವರು ಬಹಳ. ಅಲ್ಲಿ ಅನಾಹುತವಾದರೆ ಹೊಣೆ ಯಾರದೆಂದು ಮುಂಚಿತವಾಗಿ ವಿಚಾರಿಸುವವರು ವಿರಳ. ಆ ವಿಚಾರಣೆಯೇ ಇಂದಿನ ಭಾಷಣದ ವಿಷಯ.

ಕೋಡಿಗೆ ಕೋಡಣಸು, ಬೆನ್ನ ಮೇಲೆ ಝೂಲ, ಕೊರಳಿಗೆ ಒಣಕೊಬ್ಬರಿಯ ಹಾರ, ಮೇಲೆ ಬಣ್ಣಬಣ್ಣದ ಬಲೂನು, ಇಷ್ಟನ್ನೂ ಹೊತ್ತ ಹೋರಿಯನ್ನು ವಾದ್ಯಗಳ ಅಬ್ಬರ, ಜನರ ಕೇಕೆಗಳ ನಡುವೆ ಅಖಾಡಕ್ಕೆ ಬಿಟ್ಟಾಗ ಅದು ತರುಣರ ಗುಂಪನ್ನು ಸೀಳಿಕೊಂಡು ಓಡುವುದು. ಕೊಬ್ಬರಿ ಕಿತ್ತವನಿಗೆ ಶಹಭಾಸ್; ಯಾರ ಕೈಗೂ ಸಿಕ್ಕದ ಹೋರಿಯ ಯಜಮಾನನಿಗೆ ಊರೆಲ್ಲ ಕೀರ್ತಿ. ಆದರೆ ಬೆದರಿದ ಪ್ರಾಣಿಗೆ ಹಿಡಿಯಲು ಬಂದವನಾರು, ನೋಡಲು ನಿಂತವನಾರು ಎಂಬ ಭೇದ ತಿಳಿಯದು. 2022ರ ದೀಪಾವಳಿಯ ತರುವಾಯ ಶಿವಮೊಗ್ಗ ಜಿಲ್ಲೆಯ ಹೋರಿಹಬ್ಬಗಳಲ್ಲಿ ಕೆಲವರು ಪ್ರಾಣವನ್ನೇ ತೆತ್ತರು. ಆ ದುಃಖ ಈ ಎರಡು ತಾಲ್ಲೂಕುಗಳನ್ನೂ ಮುಟ್ಟಿತು.

ಇಂಥ ಸಂದರ್ಭದಲ್ಲಿ ನಾವು ವಿಧಿಯನ್ನು ದೂರುವುದುಂಟು. ಕಾನೂನು ಮಾತ್ರ ವಿಧಿಯನ್ನು ಕಟಕಟೆಗೆ ಕರೆಯುವುದಿಲ್ಲ. ಕಂಬಳಕ್ಕೂ ಎತ್ತುಗಳ ಓಟಕ್ಕೂ ಅವಕಾಶವಿತ್ತ ಕರ್ನಾಟಕದ 2017ರ ತಿದ್ದುಪಡಿ ಶಾಸನವನ್ನು ಸರ್ವೋಚ್ಚ ನ್ಯಾಯಾಲಯ 2023ರ ಮೇ 18ರಂದು ಎತ್ತಿಹಿಡಿಯಿತೆಂಬುದು ನಿಜ; ಆದರೆ ಆಟಕ್ಕೆ ದೊರೆತ ಅನುಮತಿ ಅಲಕ್ಷ್ಯಕ್ಕೆ ದೊರೆತ ಅನುಮತಿಯಲ್ಲ. ಅಪಾಯವನ್ನು ಅರಿತು ತಾನಾಗಿ ಒಪ್ಪಿದವನು ಹಾನಿಗೆ ಪರಿಹಾರ ಕೇಳಲಾಗದೆಂಬ ಪ್ರಾಚೀನ ನ್ಯಾಯಸೂತ್ರವೊಂದುಂಟು. ಅಖಾಡಕ್ಕೆ ಇಳಿದವನು ಒಪ್ಪಿದ್ದು ಹೋರಿಯ ವೇಗವನ್ನೇ ಹೊರತು ಸಂಘಟಕರು ಕಟ್ಟದೆ ಬಿಟ್ಟ ಬೇಲಿಯನ್ನಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ದಾರಿಯ ಬದಿಯಲ್ಲಿ ನಿಂತವನಂತೂ ಯಾವುದನ್ನೂ ಒಪ್ಪಿದವನಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಂತೆ ಅಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು; ತನ್ನ ವಶದಲ್ಲಿರುವ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವನಿಗೆ 291ನೆಯ ಪ್ರಕರಣದಲ್ಲಿ ಬೇರೆಯೇ ದಂಡನೆಯಿದೆ.

ಹಾಗಾದರೆ ಹಬ್ಬದ ಸಮಿತಿ ಮಾಡತಕ್ಕದ್ದೇನು? ಪೊಲೀಸರ ಅನುಮತಿಯನ್ನು ಮೊದಲೇ ಪಡೆಯುವುದು; ಓಟದ ದಾರಿಗೂ ಪ್ರೇಕ್ಷಕರಿಗೂ ನಡುವೆ ಗಟ್ಟಿಯಾದ ಎರಡು ಸಾಲು ಬೇಲಿ ಕಟ್ಟುವುದು; ಓಟ ಮುಗಿದಲ್ಲಿ ಹೋರಿಯನ್ನು ಹಿಡಿದು ಕಟ್ಟಲು ಜನರಿಲ್ಲದ ಬಯಲನ್ನು ಮೀಸಲಿಡುವುದು; ಹಿಂದಿನ ಹೋರಿ ಅಲ್ಲಿಗೆ ಮುಟ್ಟುವ ತನಕ ಮುಂದಿನದನ್ನು ಬಿಡದಿರುವುದು; ಕುಡಿದವರನ್ನೂ ಹುಡುಗರನ್ನೂ ಅಖಾಡದಿಂದ ದೂರವಿಡುವುದು; ಪಶುವೈದ್ಯರಿಂದ ಹೋರಿಗಳನ್ನು ಪರೀಕ್ಷೆ ಮಾಡಿಸುವುದು; ಆಂಬುಲೆನ್ಸ್ ನಿಲ್ಲಿಸುವುದಷ್ಟೇ ಅಲ್ಲ, ಅದು ಹೊರಟುಹೋಗುವ ದಾರಿಯನ್ನೂ ತೆರವಾಗಿಡುವುದು. ಎಲ್ಲಕ್ಕಿಂತ ಮುಖ್ಯವಾದುದು, ಯಾವ ಕೆಲಸ ಯಾರದೆಂದು ಹೆಸರು ಹಿಡಿದು ಬರೆದಿಡುವುದು. ಏಕೆಂದರೆ ಎಲ್ಲರ ಹೊಣೆಯೆಂದ ಕೆಲಸ ಕಡೆಗೆ ಯಾರ ಹೊಣೆಯೂ ಆಗದೆ ಉಳಿಯುವುದು.

ತೇರಿನ ವಿಷಯದಲ್ಲಿಯೂ ಇದೇ ನ್ಯಾಯ. 2022ರ ಏಪ್ರಿಲ್ 27ರಂದು ತಮಿಳುನಾಡಿನ ತಂಜಾವೂರು ಸಮೀಪದ ಕಳಿಮೇಡಿನಲ್ಲಿ ತೇರು ವಿದ್ಯುತ್ ತಂತಿಗೆ ತಗುಲಿ 11 ಮಂದಿ ಮೃತರಾದರು. ತೇರಿನ ಎತ್ತರವನ್ನು ಅಲಂಕಾರ ಸಹಿತ ಅಳೆದು, ನಮ್ಮ ಸೀಮೆಗೆ ವಿದ್ಯುತ್ ಒದಗಿಸುವ ಮೆಸ್ಕಾಂನವರಿಗೆ ತಿಳಿಸಿ, ತೇರು ಸಾಗುವಷ್ಟು ಹೊತ್ತು ವಿದ್ಯುತ್ತನ್ನು ನಿಲ್ಲಿಸಿಕೊಂಡರೆ ಅಂಥ ದುರಂತ ತಪ್ಪುವುದು. ಬಿಸಿಲಲ್ಲಿ ಹಗ್ಗ ಎಳೆಯುವವರಿಗೆ ನೀರು, ನೆರಳು ಒದಗಿಸುವುದೂ ರಕ್ಷಣೆಯ ಒಂದು ಅಂಗವೇ.

ಇನ್ನು ವಿಮೆ. ಮಹಾರಾಷ್ಟ್ರದಲ್ಲಿ ಮೊಸರುಗಡಿಗೆ ಒಡೆಯುವ ಗೋವಿಂದರಿಗೆ ಸರ್ಕಾರವೇ ವಿಮೆಯ ಏರ್ಪಾಡು ಮಾಡಿದೆ. ನಮ್ಮ ಸಮಿತಿಗಳೂ ವಂತಿಗೆಯ ಒಂದು ಭಾಗವನ್ನು ಇದಕ್ಕೆ ಮೀಸಲಿಡಬಹುದು. ಆದರೆ ವಿಮೆ ಹಣವನ್ನು ಕೊಟ್ಟೀತೇ ಹೊರತು ಹೋದ ಜೀವವನ್ನು ತಂದುಕೊಡದು. ಅದು ಬೇಲಿಗೆ ಬದಲಿಯಲ್ಲ.

ಆದಕಾರಣ ಶಿಕಾರಿಪುರ, ಸೊರಬದ ಹಬ್ಬದ ಸಮಿತಿಗಳ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಸಭೆಯಲ್ಲಿ ಬಹುಮಾನದ ಮೊತ್ತವನ್ನು ಗೊತ್ತುಮಾಡುವುದಕ್ಕೆ ಮೊದಲು, ಬೇಲಿಯ ಖರ್ಚನ್ನೂ ಅದರ ಹೊಣೆ ಹೊರುವವರ ಹೆಸರನ್ನೂ ಗೊತ್ತುಮಾಡಿರಿ.