ಮೊದಲ ಆಂತರಿಕ ಪರೀಕ್ಷೆಯ ಅಂಕ, ಮನೆಯ ಆತಂಕ
(ಶತಮಾನೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಘಟ್ಟ ಇಳಿದು ಹೋಗಿ ಕುನ್ನತ್ತೂರಿನಲ್ಲಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳಾದ ನಾವು ಈ ದಿನ ಎರಡು ಮಾತು ಆಡಬೇಕೆಂದು ಸಮಿತಿಯವರು ಅಪೇಕ್ಷಿಸಿದರು. ಹಳೆಯ ಸಂಗತಿಗಳಿಗೆ ಕೊರತೆಯಿಲ್ಲ. ಈ ಶಾಲೆ ತೆರೆದ ಕಾಲಕ್ಕೆ ಕೊಳ್ಳೇಗಾಲವೂ ತಾಳವಾಡಿಯೂ ಮದರಾಸು ಪ್ರಾಂತ್ಯದ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಇಲ್ಲಿಯೇ ಉಳಿದೆವು. ಅದನ್ನು ಹೇಳಲು ನಮಗಿಂತ ಹಿರಿಯರು ಈ ವೇದಿಕೆಯ ಮೇಲಿದ್ದಾರೆ. ನಾವು ಆರಿಸಿಕೊಂಡಿರುವುದು ಸಣ್ಣ ವಿಷಯ: ಇಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಕಾಲೇಜು ಸೇರಿದ ಮಗುವಿಗೆ ಮೊದಲ ಆಂತರಿಕ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಆ ಮಗುವಿಗೂ ಮನೆಯವರಿಗೂ ಹಿಡಿಯುವ ದಿಗಿಲು.

ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ, ಗೋಬಿಚೆಟ್ಟಿಪಾಳಯ ದಾಟಿ ಬರುವ ಮಕ್ಕಳಲ್ಲಿ ಕೆಲವರು ನಮ್ಮ ಮನೆಗಳಲ್ಲಿಯೇ ಉಳಿದು ಓದುತ್ತಾರೆ. ಅವರಲ್ಲೊಬ್ಬಳು ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ಗಣಿತದಲ್ಲಿ 60ಕ್ಕೆ 18 ಅಂಕ ಪಡೆದ ರಾತ್ರಿ ತಂದೆಗೆ ಫೋನ್ ಮಾಡಿ, ‘ಅಪ್ಪಾ, ನಾ ಊರ್ಗೆ ಬಂದ್ಬುಡ್ತೀನಿ’ ಎಂದಳು. ಹುಲಿ ಅಭಯಾರಣ್ಯದ ನಡುವಿನ ಆ ಮಾರ್ಗದಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ತಂದೆ ಒಡನೆ ಹೊರಡುವಂತಿರಲಿಲ್ಲ. ಬೆಳಗಾಗುವವರೆಗೆ ಅವಳು ನಮ್ಮ ಪಾಲಿಗೆ ಬಂದಳು. ಆ ನಿರ್ಬಂಧದಿಂದ ನಮಗೆ ತೊಂದರೆಗಳೇ ಹೆಚ್ಚು. ಅಂದು ಮಾತ್ರ ಅದರಿಂದ ಒಳಿತಾಯಿತೆಂದು ಈಗಲೂ ಅಂದುಕೊಳ್ಳುತ್ತೇವೆ.

ಸಮಾಧಾನದ ಮಾತುಗಳು ಅವಳ ಕಿವಿಗೆ ಬೀಳಲಿಲ್ಲ. ನಮ್ಮಲ್ಲೊಬ್ಬರು ರಾಮಾನುಜನ್ನರ ಕಥೆ ತೆಗೆದರು. ಅವರು ಹುಟ್ಟಿದ್ದು ನಮಗೆ ಹತ್ತಿರದ ಈರೋಡಿನಲ್ಲಿ, 1887ರಲ್ಲಿ. ಕುಂಭಕೋಣದ ಕಾಲೇಜಿನಲ್ಲಿ ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ಸೋತು ವಿದ್ಯಾರ್ಥಿವೇತನ ಕಳೆದುಕೊಂಡರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಎಲ್ಲವೂ ನಿಜ. ‘ಅವರು ಗಣಿತದಲ್ಲಿ ಸೋಲಲಿಲ್ಲವಲ್ಲ ಅಣ್ಣಾ’ ಎಂದಳು ಹುಡುಗಿ. ಅಂದಿನಿಂದ ನಾವು ಆ ಕಥೆಯನ್ನು ಮಕ್ಕಳಿಗೆ ಹೇಳುವುದನ್ನು ಬಿಟ್ಟಿದ್ದೇವೆ. ಕಡಿಮೆ ಅಂಕ ಬಂದವರೆಲ್ಲ ಮಹಾಪುರುಷರಾಗಬೇಕೆಂಬ ಇನ್ನೊಂದು ಹೊರೆಯನ್ನು ಅದು ಹೆಗಲಿಗೇರಿಸುತ್ತದೆ.

ಬಳಿಕ ಕಾಗದ, ಪೆನ್ನು ತಂದು ಲೆಕ್ಕಕ್ಕೆ ಕುಳಿತೆವು. ಅಣ್ಣಾ ವಿಶ್ವವಿದ್ಯಾಲಯದ 2021ರ ನಿಯಮಾವಳಿಯಂತೆ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಲಿಖಿತ ವಿಷಯವೊಂದಕ್ಕೆ ಆಂತರಿಕ ಮೌಲ್ಯಮಾಪನ 40 ಅಂಕ, ಸೆಮಿಸ್ಟರ್ ಕೊನೆಯ ಪರೀಕ್ಷೆ 60 ಅಂಕ. ಆಂತರಿಕ ಮೌಲ್ಯಮಾಪನ ಎರಡು ಸಲ ನಡೆಯುತ್ತದೆ. ಪ್ರತಿ ಸಲವೂ ಬರೆಯುವ ಪರೀಕ್ಷೆಗೆ 60, ಸ್ವಂತ ಕೆಲಸಕ್ಕೆ 40. ಎರಡೂ ಸಲದ್ದು ಕೂಡಿ ಆಗುವ 200ನ್ನು 40ಕ್ಕೆ ಇಳಿಸುತ್ತಾರೆ. ಹೀಗೆ ಇಳಿಸಿದಾಗ ಅವಳು ಬರೆದ ಪರೀಕ್ಷೆಯ ತೂಕ ನೂರರಲ್ಲಿ ಬರಿಯ 12. ಅವಳ 18 ಅಂಕ 3.6 ಆಯಿತು. ಕಳೆದುಕೊಂಡದ್ದು 8.4, ಇನ್ನೂ ಕೈಯಲ್ಲಿ ಉಳಿದದ್ದು 88. ತೇರ್ಗಡೆಗೆ ಒಟ್ಟು 50 ಬೇಕು, ಕೊನೆಯ ಪರೀಕ್ಷೆಯ 60ರಲ್ಲಿ ಕನಿಷ್ಠ 27 ಬೇಕು. ಉಳಿದ 88ರಲ್ಲಿ ನೂರಕ್ಕೆ ಅರವತ್ತರಂತೆ ಗಳಿಸಿದರೂ ಒಟ್ಟು 56.4 ಆಗುತ್ತದೆ. ಸ್ವಾಯತ್ತ ಕಾಲೇಜುಗಳ ಹಂಚಿಕೆ ಬೇರೆ ಇರಬಹುದು. ಪೋಷಕರು ಮಾಡಬೇಕಾದ ಮೊದಲ ಕೆಲಸ ತಮ್ಮ ಮಗುವಿನ ಕಾಲೇಜಿನ ನಿಯಮಾವಳಿಯ ಆ ಒಂದು ಪುಟವನ್ನು ಓದಿಸಿ ಕೇಳುವುದು.

ಲೆಕ್ಕ ನೋಡಿ ಅವಳ ಅಳು ನಿಂತಿತು, ಸಂಶಯ ನಿಲ್ಲಲಿಲ್ಲ. ‘ಮುಂದಿನದರಲ್ಲೂ ಹೀಗೇ ಆದರೆ?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. 8.4 ಅಂಕ ಹೋದದ್ದು ದೊಡ್ಡದಲ್ಲ, ಅದು ಏಕೆ ಹೋಯಿತೆಂಬುದು ದೊಡ್ಡದು. ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ನೋಡಿದಾಗ ನಮಗೇ ಆಶ್ಚರ್ಯವಾಯಿತು. ಕೇಲಿ–ಹ್ಯಾಮಿಲ್ಟನ್ ಪ್ರಮೇಯವನ್ನು ತಾಳೆ ನೋಡಿ, ‘ಹೆನ್ಸ್’ ವಿಲೋಮ ಮಾತೃಕೆಯನ್ನು ಕಂಡುಹಿಡಿಯಿರಿ ಎಂದಿತ್ತು ಒಂದು ಪ್ರಶ್ನೆ. ಅವಳು ತಾಳೆ ನೋಡಿದ್ದು ಸರಿಯಾಗಿಯೇ ಇತ್ತು. ಅಲ್ಲಿ ದೊರೆತ ಸಮೀಕರಣದಿಂದಲೇ ವಿಲೋಮ ಕೆಲವು ಸಾಲುಗಳಲ್ಲಿ ಹೊರಡುತ್ತದೆ. ಆ ಪುಟ್ಟ ಇಂಗ್ಲಿಷ್ ಪದ ಹೇಳುವುದು ಅದನ್ನೇ, ‘ಇದರಿಂದಲೇ’ ಎಂದು. ಅವಳು ಆ ಪದವನ್ನು ದಾಟಿಹೋಗಿ, ತನಗೆ ಮೊದಲೇ ಗೊತ್ತಿದ್ದ ಉದ್ದನೆಯ ದಾರಿ ಹಿಡಿದು ಒಂದೂವರೆ ಪುಟ ಬರೆದಿದ್ದಳು. ಅಂಕ ಹೋಯಿತು, ಸಮಯವೂ ಹೋಯಿತು. ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ.

ಮಾತೃಕೆಯನ್ನು ಅವಳು ಕಲಿತದ್ದು ಈ ಶಾಲೆಯಲ್ಲಿ, ಕನ್ನಡದಲ್ಲಿ, ಚೆನ್ನಾಗಿ. ಆ ಅಡಿಪಾಯ ಗಟ್ಟಿಯಾಗಿತ್ತೆಂದೇ ಪ್ರಮೇಯ ತಪ್ಪಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿಸಿ ತಪ್ಪು ಮಾಡಿದೆವೇನೋ ಎಂದು ಮರುದಿನ ಬಂದ ತಂದೆ ಕೇಳಿದಾಗ ನಾವು ಆ ಪುಟವನ್ನೇ ಅವರ ಮುಂದಿಟ್ಟೆವು. ಹಾಗೆಂದು ದೋಷವೇ ಇಲ್ಲವೆನ್ನುವುದು ಪ್ರಾಮಾಣಿಕವಲ್ಲ. ಪ್ಲಸ್ ಟು ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದ್ದರೂ ಅವಳು ಉತ್ತರಗಳ ಇಂಗ್ಲಿಷನ್ನು ಬಾಯಿಪಾಠ ಮಾಡಿದ್ದಳು. ಪ್ರಶ್ನೆಗಳ ಇಂಗ್ಲಿಷನ್ನು ಯಾರೂ ಕಲಿಸಿರಲಿಲ್ಲ. ನಮಗೂ ಯಾರೂ ಕಲಿಸಿರಲಿಲ್ಲ, ನಾವೂ ನಮ್ಮ ಕಾಲದಲ್ಲಿ ಹೀಗೆಯೇ ಅಂಕ ಕಳೆದುಕೊಂಡು ನಮ್ಮ ಬುದ್ಧಿಯೇ ಮಂದವೆಂದು ನಂಬಿದ್ದೆವು. ನಮ್ಮಲ್ಲಿ ಇಬ್ಬರು ಆ ನಂಬಿಕೆಯಿಂದಲೇ ಕಾಲೇಜು ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದರು.

ಹುಡುಗಿ ಊರಿಗೆ ಹೋಗಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ 60ಕ್ಕೆ 37 ಬಂದಿತು. ಸೆಮಿಸ್ಟರ್ ಕೊನೆಗೆ ತೇರ್ಗಡೆಯಾದಳು, ಶ್ರೇಣಿ ಸಾಧಾರಣದ್ದೇ. ಆ ರಾತ್ರಿ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಅವಳು ಬರೆಯತೊಡಗಿದ ಪಟ್ಟಿ ಮಾತ್ರ ಬೆಳೆಯಿತು: ‘ಹೆನ್ಸ್’ ಎಂದರೆ ಇದರಿಂದಲೇ, ‘ಡಿಡ್ಯೂಸ್’ ಎಂದರೆ ಮೇಲಿನದರಿಂದ ತರ್ಕಿಸಿ ಪಡೆ, ‘ಜಸ್ಟಿಫೈ’ ಎಂದರೆ ಕಾರಣ ಕೊಡು, ‘ಸ್ಟೇಟ್’ ಎಂದರೆ ಹೇಳಿದರೆ ಸಾಕು, ಸಾಧಿಸಬೇಕಿಲ್ಲ. ಬಳಿಕ ಬಂದ ಮಕ್ಕಳು ಒಂದೊಂದೇ ಪದ ಸೇರಿಸಿದ್ದಾರೆ. ಅದನ್ನು ಒಂದು ನೋಟ್‌ಪುಸ್ತಕಕ್ಕೆ ಇಳಿಸಿ ತಂದಿದ್ದೇವೆ. ಮುಖ್ಯೋಪಾಧ್ಯಾಯರ ಅಪ್ಪಣೆಯಾದರೆ ಹತ್ತನೆಯ ತರಗತಿಯ ಕೊಠಡಿಯಲ್ಲಿ ಇಟ್ಟು ಹೋಗುತ್ತೇವೆ. ಕೊನೆಯ ಪುಟಗಳನ್ನು ಖಾಲಿ ಬಿಟ್ಟಿದ್ದೇವೆ.